ಮಾತ್ರೆ ಬಂತು, ಮಾತು ಬರಲಿಲ್ಲ: ಕೋಲಾರ ಸೀಮೆಯಲ್ಲಿ ಆಪ್ತಸಮಾಲೋಚನೆಯ ಚರಿತ್ರೆ

ಕೋಲಾರ ಸೀಮೆಯಲ್ಲಿ ಜಗಳ ಬಿಸಿಯೇರಿದಾಗ "ನಿನ್ನ ನಿಮಾನ್ಸಿಗೆ ಸೇರಿಸ್ಬೇಕು" ಎನ್ನುವ ಬೈಗುಳ ಕೇಳಿಬರುತ್ತದೆ. ದೇಶಕ್ಕೇ ಹೆಸರಾದ ಒಂದು ಸಂಸ್ಥೆಯ ಹೆಸರು ಹೀಗೆ ಬೈಗುಳವಾಗಿರುವುದು ಆ ಸಂಸ್ಥೆಯ ತಪ್ಪಲ್ಲ. ಅದಕ್ಕೂ ಮುಂಚೆ ಅಲ್ಲಿ 'ಹುಚ್ಚಾಸ್ಪತ್ರೆ' ಎಂಬ ಪದವಿತ್ತು. ಹೆಸರು ಬದಲಾಯಿತು, ಅಂಜಿಕೆ ಬದಲಾಗಲಿಲ್ಲ. ಮನಸ್ಸಿಗೆ ಕಾಯಿಲೆ ಬರುವುದೆಂದರೆ ಬೆಂಗಳೂರಿನ ಹೊಸೂರು ರಸ್ತೆಯ ಆ ದೊಡ್ಡ ಗೇಟಿನೊಳಗೆ ಹೋಗುವುದು, ಇಲ್ಲವಾದರೆ ಏನೂ ಇಲ್ಲವೆಂದು ಸುಮ್ಮನಿರುವುದು. ನಡುವೆ ಇನ್ನೊಂದು ದಾರಿ ಇರಬಹುದೆಂದು ನಮ್ಮ ಜನರಿಗೆ ಯಾರೂ ತೋರಿಸಿಕೊಡಲಿಲ್ಲ.

ಹಾಗೆ ನೋಡಿದರೆ ದೂರ ಹೆಚ್ಚೇನಲ್ಲ. ಮಾಲೂರಿನಿಂದ ಬೆಂಗಳೂರು ಸುಮಾರು 50 ಕಿಲೋಮೀಟರ್, ಮುಳಬಾಗಿಲಿನಿಂದ ಸುಮಾರು 100. ಸರ್ಕಾರಿ ಆಸ್ಪತ್ರೆಯ ಚೀಟಿಯ ದುಡ್ಡು ಕೂಡ ಬಡವರಿಗೆ ಭಾರವಾಗುವಂಥದ್ದಲ್ಲ. ಆದರೆ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೂಲಿ ಮಾಡುವ ಹೆಂಗಸು ಅಲ್ಲಿಗೆ ಹೋಗಬೇಕಾದರೆ ಅವಳ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಇಬ್ಬರ ಬಸ್ ಚಾರ್ಜು, ಮಧ್ಯಾಹ್ನದ ಊಟ, ಮಗುವಿದ್ದರೆ ಅದರ ಹಾಲು. ಸಂಜೆ ಬಸ್ಸಿಳಿದಾಗ "ಎಲ್ಲಿಗಮ್ಮಾ ಹೋಗಿದ್ದೆ?" ಎಂದು ಕೇಳುವ ನೆರೆಯವರಿಗೆ ಒಂದು ಸುಳ್ಳನ್ನೂ ಸಿದ್ಧ ಮಾಡಿಟ್ಟುಕೊಳ್ಳಬೇಕು. ಆಪ್ತಸಮಾಲೋಚನೆ ಒಂದು ಸಲಕ್ಕೆ ಮುಗಿಯುವಂಥದ್ದೂ ಅಲ್ಲ. ಆರು ವಾರವೋ ಎಂಟು ವಾರವೋ ಬರಬೇಕು. ಆರು ವಾರ ಈ ಖರ್ಚನ್ನು ಭರಿಸುವವರು ಯಾರು? ಅಗ್ಗದ ಸೇವೆ ಎಂದರೆ ಕಡಿಮೆ ಶುಲ್ಕದ ಸೇವೆ ಎಂದಷ್ಟೇ ತಿಳಿದವರು ಈ ಲೆಕ್ಕ ಮಾಡಿ ನೋಡಬೇಕು.

ನಾವಿಲ್ಲಿ ಮಾತಾಡುತ್ತಿರುವುದು ತೀವ್ರ ಮನೋರೋಗಗಳ ಬಗ್ಗೆ ಮಾತ್ರವಲ್ಲ. ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಓಡುವವನನ್ನು ಹೇಗಾದರೂ ಮಾಡಿ ಆಸ್ಪತ್ರೆಗೆ ಸೇರಿಸುತ್ತಾರೆ. ನಿದ್ದೆ ಬರದವಳು, ಗಂಡನ ಕುಡಿತಕ್ಕೆ ಸೋತವಳು, ಕೊಳವೆಬಾವಿ ಬತ್ತಿ ಸಾಲದಲ್ಲಿ ಕುಳಿತವನು, ಪಿಯುಸಿಯಲ್ಲಿ ನಪಾಸಾದ ಹುಡುಗ, ಮಕ್ಕಳಾಗಲಿಲ್ಲವೆಂದು ಮನೆಮಂದಿಯ ಬಾಯಿಗೆ ಆಹಾರವಾದ ಸೊಸೆ, ಇವರನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ತಮಗೆ ಒಂದು ಕಾಯಿಲೆ ಇದೆಯೆಂದು ಅವರಿಗೂ ಅನ್ನಿಸುವುದಿಲ್ಲ. ತಲೆನೋವು, ಎದೆ ಡವಡವ, ಕೈಕಾಲು ಜೋಮು ಎಂದು ಊರಿನ ಡಾಕ್ಟರ ಹತ್ತಿರ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಕೂತು ಮಾತಾಡಬೇಕಾದದ್ದು ಇವರ ಜೊತೆ. ಅದಕ್ಕೊಂದು ಜಾಗ ನಮ್ಮ ತಾಲ್ಲೂಕುಗಳಲ್ಲಿ ಎಂದಾದರೂ ಇತ್ತೇ ಎಂಬುದನ್ನು ನೋಡೋಣ.

ಇತ್ತು, ಬೇರೆ ರೂಪದಲ್ಲಿ. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಅದೇ ಊರಿನ ಆಂಜನೇಯನ ಗುಡಿಗೆ, ಕೋಲಾರದ ಕೋಲಾರಮ್ಮನ ಗುಡಿಗೆ ಹೋಗುವವರ ಕಷ್ಟಗಳೂ ಅವೇ. ಇಂಥ ಜಾಗಗಳಲ್ಲಿ ಒಬ್ಬ ಹೆಣ್ಣುಮಗಳಿಗೆ ಮನೆಯಿಂದ ಹೊರಬರಲು ಒಂದು ನೆಪ ಸಿಗುತ್ತದೆ, ಅಳಲು ಒಂದು ಮೂಲೆ ಸಿಗುತ್ತದೆ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸು "ಏನಾಯ್ತಮ್ಮಾ?" ಎಂದು ಕೇಳುತ್ತಾಳೆ. ಇದು ಚಿಕಿತ್ಸೆಯಲ್ಲ, ಸರಿ. ಆದರೆ ಕೇಳುವವರಿದ್ದಾರೆ ಎಂಬ ನಂಬಿಕೆಯಿಂದ ಎಷ್ಟು ಜನ ಒಂದೊಂದು ರಾತ್ರಿಯನ್ನು ದಾಟಿದ್ದಾರೋ. ಇದನ್ನೆಲ್ಲ ಮೂಢನಂಬಿಕೆ ಎಂಬ ಒಂದೇ ಮೂಟೆಗೆ ತುಂಬುವವರು ಆ ಜಾಗಕ್ಕೆ ಬದಲಾಗಿ ಏನನ್ನು ಕೊಟ್ಟಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕಿತ್ತು.

ಉಡುಪಿ ಕಡೆಯ ಕೋಟದಲ್ಲಿ ಅಧ್ಯಯನ ಮಾಡಿದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ 1976ರಲ್ಲಿ ತಮ್ಮ ಪುಸ್ತಕವನ್ನು ಪ್ರಕಟಿಸಿದರು. ಹಳ್ಳಿಯ ಜನ ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಾರೆ, ಡಾಕ್ಟರ ಬಳಿಗೂ ಹೋಗುತ್ತಾರೆ ಎಂಬುದನ್ನು ಅವರು ಅಲ್ಲಿ ಕಂಡರು. ಒಂದನ್ನು ಹಿಡಿದವರು ಇನ್ನೊಂದನ್ನು ಬಿಡಬೇಕೆಂದು ಜನರಿಗೆ ಅನ್ನಿಸಿರಲಿಲ್ಲ. ನಮ್ಮ ಕಡೆಯೂ ಅಷ್ಟೇ. ತಾಯತವೂ ಇರುತ್ತದೆ, ಮಾತ್ರೆಯೂ ಇರುತ್ತದೆ.

ಆದರೆ ಈ ಮಾತನ್ನು ಹೇಳುವಾಗ 2001ರ ಆಗಸ್ಟ್ 6ನ್ನು ಮರೆಯುವಂತಿಲ್ಲ. ಅಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಗುಡಿಸಲೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಸತ್ತರು. ಓಡಿಹೋಗಲು ಅವರ ಕಾಲುಗಳಿಗೆ ಬಿಡುವಿರಲಿಲ್ಲ. ದರ್ಗಾದ ಹೆಸರು ಹೇಳಿಕೊಂಡು ಸುತ್ತಮುತ್ತ ಖಾಸಗಿಯವರು ನಡೆಸುತ್ತಿದ್ದ 'ಆಶ್ರಮ'ಗಳಲ್ಲಿ ಅದೂ ಒಂದು. ದರ್ಗಾ ಬೇರೆ, ಆ ದಂಧೆ ಬೇರೆ ಎಂದು ಆಗ ಹಲವರು ಹೇಳಿದರು, ಅದು ನಿಜ. ಆದರೆ ದಂಧೆ ನಡೆಯುತ್ತಿದ್ದುದು ದರ್ಗಾದ ನೆರಳಿನಲ್ಲೇ ಎಂಬುದೂ ನಿಜ. ಮನೆಯವರು ಅಲ್ಲಿ ಬಿಟ್ಟುಹೋದದ್ದು ಕ್ರೌರ್ಯದಿಂದಲೇ ಎನ್ನಲಾಗದು. ಊರಿನಲ್ಲಿ ಬೇರೇನೂ ಇಲ್ಲದಿದ್ದಾಗ ಜನ ಇದ್ದದ್ದನ್ನು ಹಿಡಿಯುತ್ತಾರೆ. ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ರಾಜ್ಯ ಸರ್ಕಾರಗಳು ಎಚ್ಚೆತ್ತವು. ಕೆಲವು ವರ್ಷಗಳ ನಂತರ, 2008ರಲ್ಲಿ, ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದ ಆವರಣದಲ್ಲೇ 'ದವಾ-ದುವಾ' ಎಂಬ ಯೋಜನೆ ಶುರುವಾಯಿತು. ಒಂದು ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಅಲ್ಲಿನ ಮುಜಾವರರಿಗೆ ತರಬೇತಿ ಕೊಟ್ಟಿತು. ದುವಾ ಮಾಡಿದ ಮುಜಾವರರೇ "ಪಕ್ಕದ ಕೋಣೆಯಲ್ಲಿ ಡಾಕ್ಟರ್ ಇದ್ದಾರೆ, ಅವರನ್ನೂ ನೋಡಿ ಹೋಗು" ಎಂದು ಕಳಿಸತೊಡಗಿದರು. ಜನ ಹೋದರು ಕೂಡ.

ಇದನ್ನು ಹೊಸತೆಂದು ಬೆರಗಾಗುವವರಿಗೆ ಒಂದು ಹಳೆಯ ಹೆಸರನ್ನು ನೆನಪಿಸಬೇಕು. ಬಲ್ಖಿನ ಅಬೂ ಝೈದ್ ಅಲ್ ಬಲ್ಖಿ 934ರಲ್ಲಿ ತೀರಿಕೊಂಡವರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದು ಗ್ರಂಥ ಬರೆದು, ವೈದ್ಯರು ದೇಹವನ್ನಷ್ಟೇ ನೋಡಿ ಮನಸ್ಸಿನ ಬೇನೆಯನ್ನು ಬಿಟ್ಟುಬಿಡುತ್ತಾರೆಂದು ದೂರಿದರು. ದುಃಖ, ಭಯ, ಕೋಪ, ಬಿಡದೆ ಕಾಡುವ ಯೋಚನೆ ಇವನ್ನು ಬೇರೆ ಬೇರೆಯಾಗಿ ವಿವರಿಸಿದರು. ಪರಿಹಾರ ಎರಡು ಬಗೆಯದು ಎಂದರು: ಮನುಷ್ಯ ತನ್ನೊಳಗೆ ತಾನೇ ಕಟ್ಟಿಕೊಳ್ಳುವ ವಿಚಾರ, ಹೊರಗಿನಿಂದ ಇನ್ನೊಬ್ಬರು ಆಡುವ ಮಾತು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಅಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಗತವೈಭವದ ತುತ್ತೂರಿ ಊದುವುದು ನಮ್ಮ ಉದ್ದೇಶವಲ್ಲ. ಇಂದು ನಮ್ಮ ಜಿಲ್ಲೆಗಳ ವಕ್ಫ್ ಆಸ್ತಿಯ ಸುದ್ದಿ ಬರುವುದು ಹೆಚ್ಚಾಗಿ ಒತ್ತುವರಿಯ ಸುದ್ದಿಯಾಗಿಯೇ ಎಂಬುದನ್ನು ಓದುಗರು ಬಲ್ಲರು.

ಈಗ ಮೈಸೂರು ಸಂಸ್ಥಾನಕ್ಕೆ ಬರೋಣ. ಕೋಲಾರವೂ ಅದರೊಳಗೇ ಇತ್ತು. ಬ್ರಿಟಿಷ್ ಕಮಿಷನರುಗಳು ಸಂಸ್ಥಾನವನ್ನು ಆಳುತ್ತಿದ್ದ ಕಾಲದಲ್ಲಿ, 1840ರ ದಶಕದ ಕೊನೆಯ ಹೊತ್ತಿಗೆ, ಬೆಂಗಳೂರಿನಲ್ಲಿ ಹುಚ್ಚರ ಆಶ್ರಯಾಲಯವೊಂದು ಹುಟ್ಟಿಕೊಂಡಿತು. 1925ರಲ್ಲಿ ಅದು 'ಮಾನಸಿಕ ಆಸ್ಪತ್ರೆ' ಎಂಬ ಹೆಸರು ಪಡೆಯಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದ ಉತ್ತರಾರ್ಧದಲ್ಲಿ, ಅದು ಪೇಟೆಯ ಇಕ್ಕಟ್ಟಿನಿಂದ ಲಕ್ಕಸಂದ್ರದ ವಿಶಾಲ ಆವರಣಕ್ಕೆ ಬಂತು. ಊರಿನ ಅಂದಚಂದಕ್ಕೆ ಹೆಸರಾದ ಮಿರ್ಜಾ ಅವರ ಕಾಲದ ಕೆಲಸಗಳಲ್ಲಿ ಉದ್ಯಾನಗಳನ್ನು ನೆನೆಯುವಷ್ಟು ಈ ಆಸ್ಪತ್ರೆಯನ್ನು ಯಾರೂ ನೆನೆಯುವುದಿಲ್ಲ. ಭೋರ್ ಸಮಿತಿ 1946ರಲ್ಲಿ ಮಾಡಿದ ಶಿಫಾರಸಿನ ಮೇಲೆ 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮನೋವೈದ್ಯರ ತರಬೇತಿಯ ಜೊತೆಗೆ ಮನಶ್ಶಾಸ್ತ್ರದ ಡಿಪ್ಲೊಮಾ ಕೂಡ ಶುರುವಾಯಿತು. ಅಂದರೆ ಔಷಧಿ ಬರೆಯುವವರನ್ನೂ ಮಾತಾಡುವವರನ್ನೂ ಒಟ್ಟಿಗೇ ತಯಾರು ಮಾಡುವ ಯೋಚನೆ ಮೊದಲೇ ಇತ್ತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಆಸ್ಪತ್ರೆಯನ್ನು ಗೇಟಿನಿಂದಾಚೆ ತರಬೇಕೆಂದು ಹೊರಟವರು ಅಲ್ಲಿನವರೇ. ಕೋಟದಲ್ಲಿ ಕೆಲಸ ಮಾಡಿದ್ದ ಕಪೂರ್ ಅವರ ಮುಂದಾಳ್ತನದಲ್ಲಿ 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಯಿತು, 1976ರಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಮಾನಸಿಕ ಕಾಯಿಲೆಯನ್ನು ಗುರುತಿಸಲು ಕಲಿಸಬಹುದು ಎಂಬುದನ್ನು ಅಲ್ಲಿ ತೋರಿಸಿಕೊಟ್ಟರು. ನಿಮ್ಹಾನ್ಸಿನ ತಂಡಗಳು ಬೆಂಗಳೂರಿನ ಸುತ್ತಲಿನ ಊರುಗಳಿಗೆ ತಿಂಗಳಿಗೊಮ್ಮೆ ಹೋಗಿ ವಿಸ್ತರಣಾ ಕ್ಲಿನಿಕ್ ನಡೆಸತೊಡಗಿದವು. ಮದ್ದೂರು, ಕನಕಪುರ, ಮಧುಗಿರಿ, ಗೌರಿಬಿದನೂರು ಅವುಗಳಲ್ಲಿ ಸೇರಿದ್ದವು. ಗೌರಿಬಿದನೂರು ಆಗ ಕೋಲಾರ ಜಿಲ್ಲೆಯದ್ದೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಆ ಕಡೆ ಸೇರಿತು. ನಮ್ಮ ಜಿಲ್ಲೆಗೆ ಮನೋವೈದ್ಯರು ತಾವಾಗಿಯೇ ಬಂದದ್ದಕ್ಕೆ ಹಳೆಯ ಉದಾಹರಣೆ ಹುಡುಕುವವರು ಅಲ್ಲಿಂದ ಶುರು ಮಾಡಬೇಕು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಇಡೀ ದೇಶಕ್ಕೆ ಮಾದರಿಯಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದರದೇ ಕೂಸು. ಕನ್ನಡ ನಾಡು ಇದರ ಬಗ್ಗೆ ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಆದರೆ ಆ ಮಾದರಿಯ ಒಳಗನ್ನು ಸ್ವಲ್ಪ ನೋಡಬೇಕು. ಅದು ಮೊದಲು ಹಿಡಿದದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯ. ಬೆರಳೆಣಿಕೆಯ ಅಗ್ಗದ ಔಷಧಿಗಳನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ತಲುಪಿಸುವುದು ಅದರ ದೊಡ್ಡ ಸಾಧನೆ. ಅದು ಸಣ್ಣ ಸಾಧನೆಯಲ್ಲ. ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ್ದವರು ಹೊಲಕ್ಕೆ ಮರಳಿದ್ದು ಆ ಮಾತ್ರೆಗಳಿಂದ. ಆದರೆ ಒಂದು ಹೊತ್ತಿನಲ್ಲಿ ನೂರು ಜನರನ್ನು ನೋಡಬೇಕಾದ ಡಾಕ್ಟರಿಗೆ ಒಬ್ಬಳ ಕತೆಯನ್ನು ಮುಕ್ಕಾಲು ಗಂಟೆ ಕೇಳುವ ಬಿಡುವು ಎಲ್ಲಿದೆ? ಮಾತ್ರೆಯನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಬಹುದು. ಮಾತಾಡುವವರನ್ನು ಕಳಿಸಬೇಕಾದರೆ ಒಂದು ಹುದ್ದೆ ಬೇಕು, ಸಂಬಳ ಬೇಕು, ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಬೇಕು. ಪ್ರತಿ ಯೋಜನೆಯಲ್ಲೂ ಹಣ ಕಡಿಮೆಯಾದಾಗ ಮೊದಲು ಬಿದ್ದುಹೋದದ್ದು ಇದೇ.

ಆ ಜಾಗವನ್ನು ತುಂಬಲು ಹೊರಟವರು ಸ್ವಯಂಸೇವಕರು. ಬೆಂಗಳೂರಿನಲ್ಲಿ 1964ರಲ್ಲೇ ಕೆಲವು ವೈದ್ಯರು ಮತ್ತು ಪಾದ್ರಿಗಳು ಸೇರಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಕಟ್ಟಿದರು. ಡಾ. ಅಲಿ ಖ್ವಾಜಾ ಅವರ ಬಂಜಾರಾ ಅಕಾಡೆಮಿ ಸಾಮಾನ್ಯ ಜನರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಟ್ಟು, ಅವರಿಂದಲೇ ಉಚಿತ ಸೇವೆ ಕೊಡಿಸುವ ದಾರಿ ಹಿಡಿಯಿತು. ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ನಿವೃತ್ತಿಯ ನಂತರ 'ಸಮಾಧಾನ' ಎಂಬ ಉಚಿತ ಸಮಾಲೋಚನಾ ಕೇಂದ್ರ ತೆರೆದರು. ಶಿಕ್ಷಕರು, ಗೃಹಿಣಿಯರು, ನಿವೃತ್ತ ನೌಕರರು ಅಲ್ಲಿ ತರಬೇತಿ ಪಡೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಂದ್ರಶೇಖರ್ ಮಾಡಿದ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು, ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲಿ ಉತ್ತರಿಸಿದರು. ಬೆಂಗಳೂರಿಗೆ ಹೋಗಲಾಗದ ಎಷ್ಟೋ ಜನರಿಗೆ ಅಂಥ ಅಂಕಣಗಳೇ ಆಪ್ತಸಮಾಲೋಚನೆ. ಹೆಸರು ಹಾಕದೆ ಕಾಗದ ಬರೆಯಬಹುದು, ಅಂಚೆ ಖರ್ಚು ಬಿಟ್ಟರೆ ಮತ್ತೇನಿಲ್ಲ. ಇಂಥ ಅಂಕಣಗಳನ್ನು ನೋಡಿ ನಗುವ ಬುದ್ಧಿವಂತರು ನಮ್ಮಲ್ಲಿದ್ದಾರೆ. ನಾವು ಆ ಸಾಲಿಗೆ ಸೇರುವವರಲ್ಲ.

ಈ ಕೇಂದ್ರಗಳು ಬಹುಪಾಲು ಬೆಂಗಳೂರಿನವು. ಕೋಲಾರದ ಕಡೆ ಆಪ್ತಸಮಾಲೋಚನೆ ಎಂಬ ಪದ ಬಂದದ್ದು ಆರೋಗ್ಯ ಇಲಾಖೆಯ ಬಾಗಿಲಿನಿಂದಲ್ಲ, ಹೆಣ್ಣುಮಕ್ಕಳ ಕಣ್ಣೀರಿನ ಬಾಗಿಲಿನಿಂದ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಆರಂಭವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1983ರಲ್ಲಿ ಕುಟುಂಬ ಸಲಹಾ ಕೇಂದ್ರಗಳ ಯೋಜನೆ ತಂದಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು, ತರಬೇತಿ ಪಡೆದ ಸಲಹೆಗಾರರನ್ನು ನೇಮಿಸಿ, ಮನೆಯ ಜಗಳಗಳಲ್ಲಿ ನಲುಗಿದವರ ಮಾತು ಕೇಳುವ ವ್ಯವಸ್ಥೆ ಅದು. 2000-01ರಲ್ಲಿ ರಾಜ್ಯ ಸರ್ಕಾರದ 'ಸಾಂತ್ವನ' ಯೋಜನೆ ಬಂತು. ಅದನ್ನೂ ಸ್ವಯಂಸೇವಾ ಸಂಸ್ಥೆಗಳೇ ನಡೆಸಿದವು. ಜಿಲ್ಲಾ ಕೇಂದ್ರದಿಂದ ತಾಲ್ಲೂಕುಗಳವರೆಗೂ ಅದು ಹರಡಿತು. ನೊಂದ ಹೆಣ್ಣುಮಗಳಿಗೆ ಮಾತು, ಕಾನೂನಿನ ನೆರವು, ಅಗತ್ಯ ಬಿದ್ದರೆ ತಾತ್ಕಾಲಿಕ ಆಸರೆ, ಅದೂ ಒಂದು ಪೈಸೆಯ ಶುಲ್ಕವಿಲ್ಲದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರಿನಲ್ಲಿ ಜಾರಿಯಾದ ಮೇಲೆ ಈ ಕೆಲಸಕ್ಕೆ ಕಾನೂನಿನ ಬಲವೂ ಸೇರಿತು. ತಿಂಗಳ ಗೌರವಧನದಲ್ಲಿ ದುಡಿದ ಈ ಕಾರ್ಯಕರ್ತೆಯರ ಚರಿತ್ರೆಯನ್ನು ಯಾರೂ ಬರೆದಿಲ್ಲ. ಪೊಲೀಸ್ ಠಾಣೆಗೂ ತವರಿಗೂ ಆಸ್ಪತ್ರೆಗೂ ಅಲೆದವರು ಅವರು.

ಆದರೆ ಇಲ್ಲೊಂದು ತೊಡಕಿದೆ, ಅದು ಪದದಲ್ಲೇ ಇದೆ. ಕನ್ನಡದಲ್ಲಿ ಕೌನ್ಸೆಲಿಂಗಿಗೆ 'ಆಪ್ತಸಲಹೆ' ಎಂದೂ ಹೇಳುತ್ತಾರೆ, 'ಆಪ್ತಸಮಾಲೋಚನೆ' ಎಂದೂ ಹೇಳುತ್ತಾರೆ. ಎರಡೂ ಒಂದೇ ಎಂದು ತೋರುತ್ತದೆ, ಒಂದೇ ಅಲ್ಲ. ಸಲಹೆ ಕೊಡುವವರಿಗೆ ನಮ್ಮ ಊರುಗಳಲ್ಲಿ ಎಂದೂ ಬರವಿರಲಿಲ್ಲ. ಅತ್ತೆ, ಮಾವ, ಊರ ಹಿರಿಯರು, ಜಮಾಅತಿನ ಮುತವಲ್ಲಿ ಎಲ್ಲರೂ ಕೊಡುತ್ತಾರೆ. "ಹೊಂದಿಕೊಂಡು ಹೋಗಮ್ಮಾ, ಮಕ್ಕಳ ಮುಖ ನೋಡು" ಎಂಬ ಆ ಸಲಹೆಯನ್ನು ಹತ್ತು ಸಲ ಕೇಳಿದ ಮೇಲೆಯೇ ಅವಳು ಕೇಂದ್ರದ ಬಾಗಿಲಿಗೆ ಬಂದಿರುತ್ತಾಳೆ. ಅಲ್ಲೂ ಹನ್ನೊಂದನೆಯ ಸಲ ಅದನ್ನೇ ಕೇಳಿದರೆ ಬಂದು ಏನು ಪ್ರಯೋಜನ? ರಾಜಿ ಮಾಡಿಸುವುದು ಬೇರೆ, ಸಮಾಲೋಚನೆ ಬೇರೆ. ರಾಜಿಯಲ್ಲಿ ಉಳಿಯಬೇಕಾದದ್ದು ಸಂಸಾರ. ಸಮಾಲೋಚನೆಯಲ್ಲಿ ಉಳಿಯಬೇಕಾದದ್ದು ಎದುರಿಗೆ ಕೂತ ಜೀವ. ಎಷ್ಟು ರಾಜಿಯಾಯಿತು ಎಂದು ತಿಂಗಳ ವರದಿಯಲ್ಲಿ ಅಂಕಿ ತೋರಿಸಬಹುದು, ಒಬ್ಬಳಿಗೆ ರಾತ್ರಿ ನಿದ್ದೆ ಬಂತು ಎಂದು ತೋರಿಸುವುದು ಹೇಗೆ? ಅನುದಾನದ ಕಾಗದಪತ್ರಗಳು ಈ ಕೆಲಸವನ್ನು ರಾಜಿಯ ಕಡೆಗೆ ತಳ್ಳಿದವು ಎಂಬುದು ನಮ್ಮ ಅಭಿಪ್ರಾಯ.

ಇಷ್ಟರ ನಡುವೆ ಜಿಲ್ಲೆಯ ಬದುಕು ಏನೇನು ಕಂಡಿತು ಎಂಬುದನ್ನೂ ನೋಡಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದಲ್ಲಿ ದುಡಿದ ಕುಟುಂಬಗಳ ಮಕ್ಕಳು ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. ಕೆರೆಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಟೊಮೆಟೊ ಬೆಲೆ ಒಂದು ವಾರ ಬಂಗಾರ, ಮರುವಾರ ರಸ್ತೆಗೆ ಸುರಿಯುವ ಕಸ. ರೇಷ್ಮೆ ನೂಲು ತೆಗೆಯುವ ಕಸುಬಿನಲ್ಲಿದ್ದ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ಕಿರುಸಾಲ ಸಂಸ್ಥೆಗಳಿಂದ ಒಂದರ ಮೇಲೊಂದು ಸಾಲ ತೆಗೆದರು. ಒಂದರ ಕಂತು ಕಟ್ಟಲು ಇನ್ನೊಂದು. ಗುಂಪಿನಲ್ಲಿ ಒಬ್ಬಳು ತಪ್ಪಿದರೆ ಉಳಿದವರು ಅವಳ ಬಾಗಿಲಲ್ಲಿ ನಿಲ್ಲಬೇಕು. ನೆರೆಯವರನ್ನೇ ವಸೂಲಿಗಾರರನ್ನಾಗಿ ಮಾಡುವ ಈ ಏರ್ಪಾಟಿಗೆ ಆಗ ಸ್ತ್ರೀ ಸಬಲೀಕರಣ ಎಂಬ ಹೆಸರಿತ್ತು. 2009ರಲ್ಲಿ ಕೋಲಾರದ ಅಂಜುಮನ್ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟಿತು. ಆ ಸುದ್ದಿ ದೇಶದ ಹಣಕಾಸು ಪತ್ರಿಕೆಗಳವರೆಗೂ ಹೋಯಿತು, ವಸೂಲಿ ಕುಸಿಯಿತು, ಬ್ಯಾಂಕಿನವರು ಗಾಬರಿಯಾದರು.

ಅಂಜುಮನ್ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬಹಳ ನಡೆದಿದೆ. ಬಡ್ಡಿಯ ಪ್ರಶ್ನೆಯೂ ಬಂತು, ಗಂಡಸರ ಯಜಮಾನಿಕೆಯ ಪ್ರಶ್ನೆಯೂ ಬಂತು. ನಮ್ಮನ್ನು ಕಾಡುವುದು ಬೇರೆ ಪ್ರಶ್ನೆ. ಸಾಲಕೊಟ್ಟವರ ಪರವಾಗಿ ತಜ್ಞರು ಮಾತಾಡಿದರು, ಸಮುದಾಯದ ಪರವಾಗಿ ಮುಖಂಡರು ಮಾತಾಡಿದರು. ಕಂತಿನ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತವಳ ಜೊತೆ ಯಾರು ಮಾತಾಡಿದರು? ಒಂದು ಸಾಲದ ಪಟ್ಟಿ ಬರೆದು, ಇದನ್ನು ಮೊದಲು ಹೀಗೆ ತೀರಿಸು, ಇದಕ್ಕೆ ಗಡುವು ಕೇಳು, ಇದು ನಿನ್ನ ಮಾನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ ಎಂದು ಹೇಳುವವರು ಆ ಬೀದಿಯಲ್ಲಿ ಒಬ್ಬರಿದ್ದರೆ ಸಾಕಿತ್ತು. ಬಡವರ ಮನೋವ್ಯಥೆಯಲ್ಲಿ ಅರ್ಧ ಹಣದ ಲೆಕ್ಕವೇ ಇರುತ್ತದೆ. ಅದನ್ನು ಮುಟ್ಟದ ಸಮಾಲೋಚನೆ ಪೇಟೆಯ ಜನರಿಗೆ ಸರಿ. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಆತ್ಮಹತ್ಯೆಗಳ ಸುದ್ದಿ ಅಷ್ಟು ಬಂದ ಮೇಲೆ.

ಆತ್ಮಹತ್ಯೆ ಎಂದಾಗ ಇನ್ನೊಂದು ಮಾತು. 1860ರ ದಂಡ ಸಂಹಿತೆಯ 309ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿ ಎಂದಿತು. ಹಾಗಾಗಿ ಬೆಳೆಗೆ ಹೊಡೆಯುವ ಔಷಧಿ ಕುಡಿದವಳನ್ನು ಆಸ್ಪತ್ರೆಗೆ ತಂದವರು "ಗೊತ್ತಿಲ್ಲದೆ ಕುಡಿದುಬಿಟ್ಟಳು" ಎಂದೇ ಬರೆಸುತ್ತಿದ್ದರು. ಹೊಟ್ಟೆ ತೊಳೆದು, ಬದುಕಿದರೆ ಮನೆಗೆ ಕಳಿಸುವುದು. ಏಕೆ ಕುಡಿದೆ ಎಂದು ಕೇಳುವ ಹಾಗೇ ಇರಲಿಲ್ಲ; ಕೇಳಿದರೆ ಪೊಲೀಸ್ ಕೇಸು. ನೂರೈವತ್ತು ವರ್ಷ ಕಾನೂನೇ ಸಮಾಲೋಚನೆಯ ಬಾಗಿಲು ಮುಚ್ಚಿತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರಲ್ಲಿ ಜಾರಿಗೆ ಬಂದು, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದಿತು. 2024ರ ಜುಲೈನಲ್ಲಿ ಜಾರಿಯಾದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಅದೇ 2017ರ ಕಾಯ್ದೆ, ಕೈಗೆಟುಕುವ ವೆಚ್ಚದಲ್ಲಿ, ಮನೆಗೆ ಹತ್ತಿರದಲ್ಲಿ ಮಾನಸಿಕ ಆರೈಕೆ ಪಡೆಯುವುದು ಪ್ರತಿಯೊಬ್ಬರ ಹಕ್ಕು, ಬಡತನ ರೇಖೆಗಿಂತ ಕೆಳಗಿನವರಿಗೆ ಅದು ಉಚಿತ ಎಂದೂ ಹೇಳುತ್ತದೆ.

ಕಾಯ್ದೆಗೆ ಸ್ವಲ್ಪ ಮೊದಲು ಕೋಲಾರ ಜಿಲ್ಲೆ ಒಂದು ರಾಷ್ಟ್ರಮಟ್ಟದ ಕೆಲಸದಲ್ಲಿ ಕಾಣಿಸಿಕೊಂಡದ್ದು ಹೆಚ್ಚಿನವರಿಗೆ ತಿಳಿದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮುನ್ನ ನಿಮ್ಹಾನ್ಸ್ ಅದರ ಪ್ರಾಯೋಗಿಕ ಸಮೀಕ್ಷೆಯನ್ನು ನಡೆಸಿದ್ದು ಇಲ್ಲಿ. ಜಿಲ್ಲೆಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿ ಪ್ರಶ್ನೆಗಳನ್ನು ಕೇಳಿ, ವಿಧಾನ ಸರಿಯಿದೆ ಎಂದು ಖಚಿತಪಡಿಸಿಕೊಂಡು, ಆಮೇಲೆ 12 ರಾಜ್ಯಗಳಿಗೆ ಹೋದರು. ಆ 12ರಲ್ಲಿ ಕರ್ನಾಟಕ ಇರಲಿಲ್ಲ! ಸಮೀಕ್ಷೆ ಹೇಳಿದ್ದು: ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಇರಲಿಲ್ಲ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಲ್ಲಿ ಚಿಕಿತ್ಸೆ ಸಿಗದವರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು. ಮಾತಿನಿಂದ ಹೆಚ್ಚು ಉಪಯೋಗವಾಗುವ ಕಾಯಿಲೆಗಳು ಇವೇ ಎಂಬುದನ್ನು ಗಮನಿಸಬೇಕು.

2014ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ, ಗೊತ್ತಾದ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಟು ಮಾಡಿತು. ಬಸ್ ಚಾರ್ಜಿನ, ಕೂಲಿಯ ಲೆಕ್ಕಕ್ಕೆ ಇದು ನಿಜವಾದ ಉತ್ತರ. ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆಯಾದ ಎಸ್‌ಎನ್‌ಆರ್ ಇದೆ, 1986ರಲ್ಲಿ ಟಮಕದಲ್ಲಿ ಶುರುವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮನೋವೈದ್ಯರೇ ಸಿಗದ ಕಾಲ ಹಿಂದಾಯಿತು ಎಂದೇ ಹೇಳಬೇಕು. ಆದರೆ ಮಂಗಳವಾರದ ಸಾಲಿನಲ್ಲೂ ಅದೇ ಕತೆ: ಹೆಸರು ಕೂಗುತ್ತಾರೆ, ಐದಾರು ನಿಮಿಷ, ತಿಂಗಳ ಮಾತ್ರೆ.

ಹಾಗಾದರೆ ತಾಲ್ಲೂಕಿಗೊಬ್ಬ ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು ಎಂದು ಕೇಳುವವರಿಗೆ ಎರಡು ಉದಾಹರಣೆಗಳಿವೆ. ಗೋವಾದ 'ಸಂಗತ್' ಸಂಸ್ಥೆ ಮನಶ್ಶಾಸ್ತ್ರದ ಪದವಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ಸರ್ಕಾರಿ ಕೇಂದ್ರಗಳಿಗೆ ಬಂದ ರೋಗಿಗಳು ಇದರಿಂದ ಚೇತರಿಸಿಕೊಂಡದ್ದು 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡುಬಂತು. ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡಾ ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚು ಹಾಕಿ ಅದರ ಮೇಲೆ ಅಜ್ಜಿಯರನ್ನು ಕೂರಿಸಿದರು. ಆ ಅಜ್ಜಿಯರು ಖಿನ್ನತೆ ಎಂಬ ಪದ ಬಳಸುವುದಿಲ್ಲ; 'ಅತಿಯಾಗಿ ಯೋಚಿಸುವುದು' ಎಂಬ ಅರ್ಥದ ತಮ್ಮ ಭಾಷೆಯ ಪದವನ್ನೇ ಬಳಸುತ್ತಾರೆ. ನಮ್ಮ ಕಡೆ "ಅವಳಿಗೆ ಯೋಚನೆ ಹತ್ತಿಬಿಟ್ಟಿದೆ" ಎನ್ನುವುದಿಲ್ಲವೇ, ಹಾಗೆ.

ಭಾಷೆಯ ಈ ಮಾತು ನಮ್ಮ ತಾಲ್ಲೂಕುಗಳಿಗೆ ಬಹಳ ಮುಖ್ಯ. ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಕನ್ನಡ ಶಾಲೆಯ ಭಾಷೆ, ತೆಲುಗು ಒಲೆಯ ಭಾಷೆ. ಮಾಲೂರಿನ ಹೆಂಚಿನ ಕಾರ್ಖಾನೆ, ಇಟ್ಟಿಗೆ ಗೂಡುಗಳ ಸುತ್ತ ತಮಿಳೂ ಕೇಳುತ್ತದೆ. ಮುಸ್ಲಿಂ ಮೊಹಲ್ಲಾಗಳಲ್ಲಿ ದಖ್ಖನಿ. ಪುಸ್ತಕದ ಕನ್ನಡದಲ್ಲಿ "ನಿಮಗೆ ಆತಂಕವಾಗುತ್ತದೆಯೇ?" ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ. "ದಿಲ್ ಘಬ್ರಾರಾ ಕ್ಯಾ?" ಎಂದರೆ ಕಣ್ಣು ತುಂಬಿಕೊಳ್ಳುತ್ತಾಳೆ. ಬೆಂಗಳೂರಿನಿಂದ ಬರುವ ತಜ್ಞರಿಗಿಂತ ಅಲ್ಲಿಯ ಒಬ್ಬ ಉರ್ದು ಶಾಲೆಯ ನಿವೃತ್ತ ಶಿಕ್ಷಕಿ, ತೆಲುಗು ಬಲ್ಲ ಒಬ್ಬ ಅಂಗನವಾಡಿ ಕಾರ್ಯಕರ್ತೆ ತರಬೇತಿ ಪಡೆದರೆ ಹೆಚ್ಚು ಕೆಲಸವಾದೀತು. ಅಂಥವರಿಗೆ ಒಂದೇ ತೊಡಕು, ಗುಟ್ಟಿನದು. ಊರಿನವರಾದ್ದರಿಂದ ಭಾಷೆ ಗೊತ್ತು, ಊರಿನವರಾದ್ದರಿಂದಲೇ ಎಲ್ಲರ ಸಂಬಂಧವೂ ಗೊತ್ತು. ಮುಳಬಾಗಿಲಿನವರು ಶ್ರೀನಿವಾಸಪುರದಲ್ಲಿ, ಶ್ರೀನಿವಾಸಪುರದವರು ಮುಳಬಾಗಿಲಿನಲ್ಲಿ ಕೂತರೆ ಅದಕ್ಕೂ ದಾರಿಯಾಗುತ್ತದೆ. ಒಂದು ಬಸ್ಸಿನ ದಾರಿ ಅಷ್ಟೇ.

ತರಬೇತಿಯಿಲ್ಲದವರು ಬೋರ್ಡು ಹಾಕಿಕೊಳ್ಳುವ ಅಪಾಯವೂ ಇದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು ಎಂಬ ನಿಯಮವಿದೆ. ಆಪ್ತಸಮಾಲೋಚಕ ಎಂಬ ಹೆಸರಿಗೆ ಬಹಳ ಕಾಲ ಯಾವ ಕಾವಲೂ ಇರಲಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಆ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿತು. ಕಾವಲು ಬೇಕು. ಆದರೆ ಪದವಿ ಇಲ್ಲದವರೆಲ್ಲ ಬಾಯಿ ಮುಚ್ಚಬೇಕು ಎಂಬಲ್ಲಿಗೆ ಅದು ಹೋದರೆ ಗೋವಾದಲ್ಲಿ ಆದದ್ದು ನಮ್ಮಲ್ಲಿ ಆಗಲಾರದು. ಗುಣವಾಗದ ಕೇಸನ್ನು ಗುರುತಿಸಿ ಮಂಗಳವಾರದ ಡಾಕ್ಟರ ಬಳಿ ಕಳಿಸುವಷ್ಟು ತಿಳಿವಳಿಕೆ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ, ವಾರಕ್ಕೊಮ್ಮೆ ಇವರ ಮಾತನ್ನೂ ಕೇಳುವ ಒಬ್ಬ ಹಿರಿಯ ತಜ್ಞ. ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ 'ಟೆಲಿ ಮಾನಸ್' ಆರಂಭಿಸಿತು. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು. ಕನ್ನಡ, ತೆಲುಗು, ತಮಿಳು, ಉರ್ದು ಸೇರಿದಂತೆ ಹಲವು ಭಾಷೆಗಳಿವೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಒಂದು ಕಾಲಕ್ಕೆ ಗೌರಿಬಿದನೂರಿಗೆ ವ್ಯಾನಿನಲ್ಲಿ ಬರುತ್ತಿದ್ದ ಸಂಸ್ಥೆ ಈಗ ಫೋನಿನಲ್ಲಿ ಬರುತ್ತಿದೆ. ಈ ಸಂಖ್ಯೆಯನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ, ಗುಡಿಯ ಗೋಡೆಯಲ್ಲಿ, ರೇಷನ್ ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ ಬರೆಸಲು ಯಾವ ಅನುದಾನವೂ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು. ಉಳಿದ ತೊಂದರೆ ಒಂದೇ. ಶ್ರೀನಿವಾಸಪುರದ ಹಳ್ಳಿಯ ಒಂದೂವರೆ ಕೋಣೆಯ ಮನೆಯಲ್ಲಿ ಇರುವುದು ಒಂದು ಫೋನು, ಹಗಲು ಅದು ಗಂಡನ ಜೇಬಿನಲ್ಲಿರುತ್ತದೆ. ರಾತ್ರಿ ಅದು ಕೈಗೆ ಸಿಗುವ ಹೊತ್ತಿಗೆ ಗೋಡೆಯ ಆಚೆ ಅತ್ತೆ ಇನ್ನೂ ಎಚ್ಚರವಾಗಿರುತ್ತಾಳೆ.